ಅವ್ವನ 'ಗ್ಯಾಸ್ಟ್ರಿಕ್' ಮತ್ತು ಗಂಡಸಿನ ಎದೆನೋವಿನ ಚರಿತ್ರೆ

ಬರಹ ಉದ್ದ ಇದೆ, ಪುರುಸೊತ್ತಿದ್ದಾಗ ಓದಿ. ಆದ್ರೆ ಓದಿ. ಮನೆಯಲ್ಲಿ ಓದು ಬಾರದ ಅವ್ವ, ಅತ್ತೆ, ಅಕ್ಕ ಇದ್ದರೆ ಪಕ್ಕದಲ್ಲಿ ಕೂತು ಓದಿ ಹೇಳಿ.

ಹೋದ ವಾರ ನಮ್ಮ ಕೇರಿಯ ವಾಟ್ಸಾಪ್ ಗ್ರೂಪಿಗೆ ಯಾರೋ ಒಂದು ಚಿತ್ರ ಹಾಕಿದ್ರು. ಮೇಲೆ ಕೆಂಪು ಅಕ್ಷರದಲ್ಲಿ 'ಹೃದಯಾಘಾತದ ಲಕ್ಷಣಗಳು'. ಕೆಳಗೆ ಟೈ ಕಟ್ಟಿಕೊಂಡ ಐವತ್ತರ ಗಂಡಸು, ಎದೆ ಅವುಚಿಕೊಂಡು ಮುಖ ಕಿವುಚಿದ್ದಾನೆ. ಸಿನಿಮಾದಲ್ಲೂ ಇದೇ ಸೀನು ಅಲ್ವಾ? ಅಪ್ಪನ ಪಾತ್ರದವರು ಎದೆ ಹಿಡ್ಕೊಂಡು ಸೋಫಾ ಮೇಲೆ ಕುಸೀತಾರೆ, ಅಮ್ಮನ ಪಾತ್ರದವರು ನೀರು ತರೋಕೆ ಒಳಗೆ ಓಡ್ತಾರೆ. ನನಗೆ ಈ ಚಿತ್ರ ಕಂಡಾಗೆಲ್ಲ ನಮ್ಮವ್ವ ನೆನಪಾಗ್ತಾಳೆ. ಯಾಕಂದ್ರೆ ಅವ್ವ ಒಂದ್ಸಲಾನೂ ಎದೆ ಹಿಡ್ಕೊಳ್ಳಲಿಲ್ಲ.

ಅವ್ವ ಗುತ್ತಿಗೆಯಲ್ಲಿ ರಸ್ತೆ ಗುಡಿಸ್ತಿದ್ದಳು. ಬೆಳಗ್ಗೆ ಐದಕ್ಕೆ ಮನೆ ಬಿಡೋಳು. ಸಾಯೋಕೆ ಮೂರು ವಾರ ಮುಂಚೆಯಿಂದ ಹೇಳ್ತಿದ್ದಳು, "ಯಾಕೋ ಪೊರಕೆ ಎತ್ತೋಕೇ ಆಯ್ತಿಲ್ಲ ಕಣಪ್ಪ". ರಾತ್ರಿ ನಿದ್ದೆ ಇಲ್ಲ ಅಂತಿದ್ದಳು. ಬೆನ್ನಲ್ಲಿ, ಎರಡು ರೆಕ್ಕೆಯ ನಡುವೆ, ಸೆಳೀತದೆ ಅಂತಿದ್ದಳು. ಒಂದಿನ ದವಡೆ ನೋವು ಅಂದಳು, ಹಲ್ಲಿಂದಿರಬೇಕು ಅಂತ ಲವಂಗ ಇಟ್ಟುಕೊಂಡಳು. ಊಟ ಮಾಡಿದ್ರೆ ಸಂಕಟ. ಅದು ಏಪ್ರಿಲ್ ತಿಂಗಳು. ನಮ್ಮಂಥೋರಿಗೆ ಏಪ್ರಿಲ್ ಅಂದ್ರೆ ಏನು ಅಂತ ನಿಮಗೆ ಗೊತ್ತು. ಬಾಬಾಸಾಹೇಬರ ಜಯಂತಿ, ಮೆರವಣಿಗೆ, ಪೆಂಡಾಲು, ಭಾಷಣ. ನಾನು ಊರೂರು ತಿರುಗಿ ಮಹಿಳೆಯರ ಹಕ್ಕಿನ ಬಗ್ಗೆ ಮೈಕಿನಲ್ಲಿ ಮಾತಾಡ್ತಿದ್ದೆ. ಅವ್ವನಿಗೆ ಮೆಡಿಕಲ್ ಸ್ಟೋರಿನಿಂದ ಗ್ಯಾಸ್ಟ್ರಿಕ್ ಮಾತ್ರೆ ತಂದುಕೊಟ್ಟೆ. ಆಮೇಲೆ ಒಂದು ಕ್ಲಿನಿಕ್ಕಿಗೂ ಕರ್ಕೊಂಡು ಹೋದೆ. ಅಲ್ಲೂ ಗ್ಯಾಸ್ಟ್ರಿಕ್ ಅಂದ್ರು, ಒಂದು ಇಂಜೆಕ್ಷನ್ ಚುಚ್ಚಿ, ವಯಸ್ಸಾಯ್ತಲ್ಲ, ಟೆನ್ಷನ್ ತಗೋಬೇಡಮ್ಮ, ರೆಸ್ಟ್ ಮಾಡು ಅಂದ್ರು. ಇಸಿಜಿ ತೆಗೀಲಿಲ್ಲ. ರೆಸ್ಟ್ ಮಾಡಿದ್ರೆ ಆ ದಿನದ ಕೂಲಿ ಕಟ್. ಮೂರನೇ ದಿನ ಬೆಳಗಿನ ಜಾವ ಕೆಲಸಕ್ಕೆ ಹೊರಟೋಳು ಹೊಸಿಲ ಹತ್ರ ಕೂತಳು. ಮೈಯೆಲ್ಲ ತಣ್ಣನೆ ಬೆವರು. ಆಸ್ಪತ್ರೆ ಮುಟ್ಟಲಿಲ್ಲ. ಅವಳಿಗೆ 52.

ವರ್ಷಗಳ ನಂತರ ಗೆಳೆಯನೊಬ್ಬನಿಗೆ, ಅವನು ಡಾಕ್ಟರು, ಇದನ್ನೆಲ್ಲ ಹೇಳಿದೆ. ಅವನು ತುಂಬಾ ಹೊತ್ತು ಸುಮ್ಮನಿದ್ದು, "ಆ ಮೂರು ವಾರ ಅವರು ಹೇಳ್ತಾನೇ ಇದ್ರಲ್ಲೋ. ಅಟಿಪಿಕಲ್ ಸಿಂಪ್ಟಮ್ಸ್" ಅಂದ. ಅಟಿಪಿಕಲ್ ಅಂದ್ರೆ ಮಾಮೂಲಿ ಅಲ್ಲದ್ದು. ಆ ಪದ ನನ್ನ ತಲೆಯಲ್ಲಿ ಕೂತುಬಿಡ್ತು. ಮಾಮೂಲಿ ಯಾವುದು ಅಂತ ತೀರ್ಮಾನ ಮಾಡಿದೋರು ಯಾರು? ನಾವು ಈ ಪ್ರಶ್ನೆಯನ್ನು ಊರಿನ ಬಗ್ಗೆ, ದೇವಸ್ಥಾನದ ಬಗ್ಗೆ, ಬಾವಿಯ ಬಗ್ಗೆ ಕೇಳಿ ಅಭ್ಯಾಸ ಇರೋ ಜನ. ಎದೆನೋವಿನ ಬಗ್ಗೆ ಕೇಳಿರಲಿಲ್ಲ. ಅವತ್ತಿಂದ ಸಿಕ್ಕಿದ್ದನ್ನೆಲ್ಲ ಓದುತ್ತಾ ಬಂದೆ. ಓದಿದ್ದು ಇಲ್ಲಿ ಹೇಳ್ತಿದ್ದೀನಿ.

ಶುರು ಮಾಡಬೇಕಾದ್ದು 1768ರಿಂದ. ವಿಲಿಯಂ ಹೆಬರ್ಡನ್ ಅನ್ನೋ ವೈದ್ಯ ಲಂಡನ್ನಿನ ರಾಯಲ್ ಕಾಲೇಜ್ ಆಫ್ ಫಿಸಿಶಿಯನ್ಸ್‌ನಲ್ಲಿ ಒಂದು ಪ್ರಬಂಧ ಓದಿದ. ನಡೆಯುವಾಗ, ಅದರಲ್ಲೂ ಊಟ ಮಾಡಿ ಏರು ಹತ್ತುವಾಗ, ಎದೆ ಹಿಸುಕಿದ ಹಾಗೆ ನೋವು ಬರುತ್ತೆ, ನಿಂತರೆ ಹೋಗುತ್ತೆ. ಇದಕ್ಕೆ ಅವನು ಆಂಜೈನಾ ಪೆಕ್ಟೋರಿಸ್ ಅಂತ ಹೆಸರಿಟ್ಟ. 1772ರಲ್ಲಿ ಅಚ್ಚಾಯಿತು. ಇವತ್ತಿಗೂ ಡಾಕ್ಟರುಗಳು ಆಂಜೈನಾ ಅನ್ನೋದು ಅವನಿಟ್ಟ ಹೆಸರನ್ನೇ. ಅವನು ತೀರಿಕೊಂಡ ಮೇಲೆ 1802ರಲ್ಲಿ ಬಂದ ಪುಸ್ತಕದಲ್ಲಿ ಲೆಕ್ಕ ಇದೆ. ಈ ಕಾಯಿಲೆಯ ಹತ್ತಿರ ಹತ್ತಿರ 100 ಜನರನ್ನು ನೋಡಿದ್ದಾನೆ. ಅವರಲ್ಲಿ ಹೆಂಗಸರು 3. ಒಬ್ಬ 12 ವರ್ಷದ ಹುಡುಗ. ಉಳಿದವರೆಲ್ಲ 50ರ ಆಸುಪಾಸಿನ ಅಥವಾ ಅದು ದಾಟಿದ ಗಂಡಸರು.

ಹೆಬರ್ಡನ್ ಮೋಸ ಮಾಡಿದ ಅಂತ ನಾನು ಹೇಳ್ತಿಲ್ಲ. ಬಾಗಿಲಿಗೆ ಬಂದವರನ್ನು ಕಣ್ಣಿಟ್ಟು ನೋಡಿ ಪ್ರಾಮಾಣಿಕವಾಗಿ ಬರೆದ. ಆದ್ರೆ ಲಂಡನ್ನಿನ ಹೆಸರಾಂತ ವೈದ್ಯನ ಬಾಗಿಲಿಗೆ ಫೀಸು ಹಿಡಿದು ಬರೋರು ಯಾರು? ಊಟ ಮಾಡಿ ಗುಡ್ಡದ ಕಡೆ ವಾಕಿಂಗ್ ಹೋಗೋ ಪುರುಸೊತ್ತು ಯಾರಿಗಿತ್ತು? ಅವರ ಮನೆಯ ಬಟ್ಟೆ ಒಗೆಯೋ ಹೆಂಗಸಿಗೂ ಎದೆ ಹಿಸುಕಿರಬಹುದು. ಅವಳು ಆ ಬಾಗಿಲಿಗೆ ಬರಲಿಲ್ಲ, ಅಷ್ಟೆ. ಬಂದವರ ನೋವು ರೋಗದ ವ್ಯಾಖ್ಯಾನ ಆಯ್ತು.

ನೂರು ವರ್ಷ ಕಳೆದ ಮೇಲೆ ಸರ್ ವಿಲಿಯಂ ಆಸ್ಲರ್ ಬರ್ತಾನೆ. ಆಧುನಿಕ ವೈದ್ಯಶಿಕ್ಷಣದ ಪಿತಾಮಹ ಅಂತ ಇವತ್ತಿಗೂ ಹೊಗಳಿಸಿಕೊಳ್ಳೋ ಮನುಷ್ಯ. ಅವನ ಪ್ರಕಾರ ಆಂಜೈನಾ ಬರೋದು ದೃಢಕಾಯದ, ಮಹತ್ವಾಕಾಂಕ್ಷೆಯ, ಬಿಡುವಿಲ್ಲದೆ ದುಡಿಯೋ ಗಂಡಸಿಗೆ. ಒಂಥರಾ ಮೆಡಲ್ ಇದ್ದಂಗೆ ನೋಡಿ. ಹೆಂಗಸರಿಗೆ ಬಂದರೆ? ಅದಕ್ಕೆ ಆ ಕಾಲದ ವೈದ್ಯರ ಹತ್ರ ಬೇರೆಯೇ ಹೆಸರಿತ್ತು: ಸೂಡೋ ಆಂಜೈನಾ, ಸುಳ್ಳು ಎದೆನೋವು. ನರದೌರ್ಬಲ್ಯ, ಹಿಸ್ಟೀರಿಯಾ, ಇತ್ಯಾದಿ. ಕ್ಲಿನಿಕ್ಕಿನಲ್ಲಿ ನಮ್ಮವ್ವನಿಗೆ 'ಟೆನ್ಷನ್ ತಗೋಬೇಡಮ್ಮ' ಅಂದ ಡಾಕ್ಟರು ಆಸ್ಲರ್‌ನನ್ನು ಓದಿದ್ರೋ ಇಲ್ವೋ ಗೊತ್ತಿಲ್ಲ, ಮಾತು ಮಾತ್ರ ಅಲ್ಲಿಂದಲೇ ಹರಿದು ಬಂದಿದೆ.

ಈಗ ಒಂದು ವಿಚಿತ್ರ ಹೇಳ್ತೀನಿ. 1912ರಲ್ಲಿ ಶಿಕಾಗೋದ ಜೇಮ್ಸ್ ಹೆರಿಕ್ ಒಂದು ಪ್ರಬಂಧ ಬರೆದ. ಹೃದಯದ ರಕ್ತನಾಳ ದಿಢೀರನೆ ಕಟ್ಟಿಕೊಂಡರೂ ಮನುಷ್ಯ ತಕ್ಷಣ ಸಾಯಬೇಕಾಗಿಲ್ಲ, ಬದುಕಿರುವಾಗಲೇ ಇದನ್ನು ಗುರುತಿಸಬಹುದು ಅಂತ ತೋರಿಸಿದ ಪ್ರಬಂಧ ಅದು. ಇವತ್ತಿನ 'ಹಾರ್ಟ್ ಅಟ್ಯಾಕ್' ಕಲ್ಪನೆ ಹುಟ್ಟಿದ್ದೇ ಅಲ್ಲಿ ಅನ್ನಬಹುದು. ಅದರಲ್ಲಿ ಅವನು ವಿವರಿಸಿದ ರೋಗಿ 55 ವರ್ಷದ ಗಂಡಸು. ಹೊಟ್ಟೆತುಂಬ ಉಂಡ ಒಂದು ಗಂಟೆಗೆ ಎದೆಯ ಕೆಳಭಾಗದಲ್ಲಿ ನೋವು, ವಾಕರಿಕೆ. ತಿಂದಿದ್ದು ಜೀರ್ಣ ಆಗಿಲ್ಲ ಅಂದುಕೊಂಡು ಆತ ಗಂಟಲಿಗೆ ಬೆರಳಾಡಿಸಿ ವಾಂತಿ ಮಾಡಿಕೊಂಡ! 52 ಗಂಟೆ ಬದುಕಿದ್ದು ಸತ್ತ. ಇಂಥ ಎಷ್ಟೋ ಸಾವು 'ಅಜೀರ್ಣ' ಅನ್ನೋ ಹೆಸರಲ್ಲಿ ಮುಚ್ಚಿಹೋಗುತ್ತೆ ಅಂತ ಹೆರಿಕ್ ಅವತ್ತೇ ಎಚ್ಚರಿಸಿದ್ದ. ಅಂದ್ರೆ ಹಾರ್ಟ್ ಅಟ್ಯಾಕ್ ಹೊಟ್ಟೆಯ ವೇಷ ಹಾಕ್ಕೊಂಡು ಬರುತ್ತೆ ಅನ್ನೋದು ವೈದ್ಯಲೋಕಕ್ಕೆ ಹೊಸ ಸುದ್ದಿ ಅಲ್ಲವೇ ಅಲ್ಲ.

1955ರ ಸೆಪ್ಟೆಂಬರಿನಲ್ಲಿ ಅಮೆರಿಕದ ಅಧ್ಯಕ್ಷ ಐಸೆನ್‌ಹೋವರ್‌ಗೂ ಹೀಗೇ ಆಯ್ತು. ಗಾಲ್ಫ್ ಆಡ್ತಾ ಹೊಟ್ಟೆ ಸರಿಯಿಲ್ಲ ಅಂದ್ರು, ಮಧ್ಯಾಹ್ನ ತಿಂದ ಹ್ಯಾಂಬರ್ಗರ್ ಮತ್ತು ಈರುಳ್ಳಿ ಮೇಲೆ ಹಾಕಿದ್ರು. ರಾತ್ರಿ ಎದೆನೋವಿನಿಂದ ಎದ್ದರು, ಮಾರನೇ ದಿನ ಇಸಿಜಿ ತೆಗೆದಾಗ ಹೃದಯಾಘಾತ ಅಂತ ಗೊತ್ತಾಯ್ತು. ಪತ್ರಿಕೆಗಳು ದಿನಗಟ್ಟಲೆ ಬರೆದವು, ಇಡೀ ದೇಶ ಹೃದಯದ ಪಾಠ ಕಲಿತದ್ದು ಅವಾಗ. ಕಲಿತ ಪಾಠ ಏನು? ಇದು ದೊಡ್ಡ ಜವಾಬ್ದಾರಿ ಹೊತ್ತ ಗಂಡಸರ ಕಾಯಿಲೆ. ಅದಾಗಿ ಒಂಬತ್ತು ವರ್ಷಕ್ಕೆ, 1964ರಲ್ಲಿ, ಒರೆಗಾನ್ ರಾಜ್ಯದ ಹೃದಯ ಸಂಘದವರು ಹೆಂಗಸರಿಗೋಸ್ಕರವೇ ಹೃದ್ರೋಗದ ಮೊದಲ ಸಮ್ಮೇಳನ ಮಾಡಿದ್ರು. ಅದರ ಹೆಸರು 'ಹಾರ್ಟ್ಸ್ ಅಂಡ್ ಹಸ್ಬೆಂಡ್ಸ್'. ಸಾವಿರಾರು ಹೆಂಗಸರು ಬಂದ್ರು. ವಿಷಯ: ಗಂಡನ ಹೃದಯ ಕಾಪಾಡೋದು ಹೇಗೆ, ಯಾವ ಅಡುಗೆ ಮಾಡಬೇಕು. ನಗಬೇಡಿ, ನಮ್ಮಲ್ಲಿ ಎಣ್ಣೆ ಜಾಹೀರಾತು ಎಷ್ಟೋ ವರ್ಷ ಇದನ್ನೇ ಮಾಡಿದ್ದು.

ಇನ್ನು ಸಂಶೋಧನೆಗೆ ಬನ್ನಿ. ಹೆಂಗಸರನ್ನು ಪೂರ್ತಿ ಹೊರಗಿಟ್ಟಿದ್ರು ಅಂದ್ರೆ ಸುಳ್ಳಾಗುತ್ತೆ. 1948ರಲ್ಲಿ ಮ್ಯಾಸಚೂಸೆಟ್ಸ್‌ನ ಫ್ರೇಮಿಂಗ್‌ಹ್ಯಾಮ್ ಅನ್ನೋ ಊರಲ್ಲಿ ಶುರುವಾದ ಅಧ್ಯಯನಕ್ಕೆ 5,209 ಜನರನ್ನು ಸೇರಿಸಿಕೊಂಡ್ರು, ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಹೆಂಗಸರೇ. ಬಿಪಿ, ಕೊಲೆಸ್ಟರಾಲ್, ಬೀಡಿ-ಸಿಗರೇಟು ಹೃದಯಕ್ಕೆ ಕೇಡು ಅಂತ ಲೋಕಕ್ಕೆ ತಿಳಿಸಿದ್ದರಲ್ಲಿ ಈ ಅಧ್ಯಯನದ ಪಾಲು ದೊಡ್ಡದು. ಆದ್ರೆ ಆ ಊರು ಬಹುಪಾಲು ಬಿಳಿಯರದ್ದು. ಮೊದಮೊದಲು ಅಲ್ಲಿ ಕಂಡ ಅಂಕಿ ನೋಡಿ ಹೆಂಗಸರ ಎದೆನೋವು ಅಷ್ಟೇನೂ ಅಪಾಯದ್ದಲ್ಲ ಅನ್ನೋ ತೀರ್ಮಾನಕ್ಕೂ ಬಂದ್ರು. ಮುಂದೆ 1984ರಲ್ಲಿ ಅದೇ ಫ್ರೇಮಿಂಗ್‌ಹ್ಯಾಮ್ ಲೆಕ್ಕದಿಂದಲೇ ಇನ್ನೊಂದು ಸತ್ಯ ಹೊರಬಂತು. ಆದ ಹೃದಯಾಘಾತಗಳಲ್ಲಿ ಕಾಲು ಭಾಗಕ್ಕೂ ಹೆಚ್ಚು ಆಗಿದ್ದೇ ಯಾರಿಗೂ ಗೊತ್ತಾಗಿರಲಿಲ್ಲ. ಎರಡು ವರ್ಷಕ್ಕೊಮ್ಮೆ ತೆಗೆಯೋ ಇಸಿಜಿಯಲ್ಲಿ ಗಾಯದ ಗುರುತು ಸಿಕ್ಕಿತು ಅಷ್ಟೆ. ಹೀಗೆ ಗೊತ್ತಾಗದೇ ಹೋದವುಗಳ ಪಾಲು ಹೆಂಗಸರಲ್ಲಿ ಗಂಡಸರಿಗಿಂತ ಹೆಚ್ಚು.

ಔಷಧಿ ಪರೀಕ್ಷೆಗಳ ಕತೆ ಕೇಳಿದ್ರೆ ತಲೆ ಕೆರ್ಕೋಬೇಕು. ಮುಟ್ಟು ನಿಲ್ಲೋ ತನಕ ಹೆಂಗಸರಿಗೆ ಹೃದಯಾಘಾತ ಕಡಿಮೆ, ಹಾಗಾದ್ರೆ ಈಸ್ಟ್ರೋಜನ್ ಹಾರ್ಮೋನು ಹೃದಯ ಕಾಪಾಡುತ್ತೇನೋ ನೋಡೋಣ ಅಂತ 1960ರ ದಶಕದಲ್ಲಿ ಒಂದು ಭಾರೀ ಪ್ರಯೋಗ ಆಯ್ತು, ಕೊರೊನರಿ ಡ್ರಗ್ ಪ್ರಾಜೆಕ್ಟ್ ಅಂತ. ಸೇರಿಸಿಕೊಂಡ 8,341 ಜನರಲ್ಲಿ ಒಬ್ಬಳೂ ಹೆಂಗಸಿಲ್ಲ. ಹೆಂಗಸಿನ ಹಾರ್ಮೋನನ್ನು ಗಂಡಸರಿಗೆ ಕೊಟ್ಟು ನೋಡಿದ್ರು! ಅವರಿಗೆ ಆಘಾತ ಜಾಸ್ತಿ ಆಗಿ ಆ ಭಾಗವನ್ನು ಅರ್ಧಕ್ಕೇ ನಿಲ್ಲಿಸಿದ್ರು. ಆಮೇಲೆ ಬಿಪಿ-ಸಿಗರೇಟು-ಕೊಲೆಸ್ಟರಾಲ್ ಇಳಿಸೋ ಮಿಸ್ಟರ್ ಫಿಟ್ ಅನ್ನೋ ಪ್ರಯೋಗ: 12,866 ಜನ, ಎಲ್ಲ ಗಂಡಸರು. ಹೆಸರಲ್ಲೇ ಮಿಸ್ಟರ್ ಇದೆ ಬಿಡಿ. ಆಸ್ಪಿರಿನ್ ಪ್ರಯೋಗ: 22,071 ಡಾಕ್ಟರುಗಳು, ಎಲ್ಲ ಗಂಡಸರು. ಆಸ್ಪಿರಿನ್ ಮೊದಲ ಹೃದಯಾಘಾತ ತಪ್ಪಿಸುತ್ತೆ ಅಂತ 1989ರಲ್ಲಿ ಸಾರಿದ್ದು ಇದರ ಮೇಲೆ. ಸುಮಾರು 40,000 ಹೆಂಗಸರ ಮೇಲೆ ಬೇರೆಯಾಗಿ ನೋಡಿದ ಫಲಿತಾಂಶ ಬಂದದ್ದು 2005ರಲ್ಲಿ. ಅವರಲ್ಲಿ ಮೊದಲ ಹೃದಯಾಘಾತ ಹೇಳಿಕೊಳ್ಳುವಷ್ಟು ಕಡಿಮೆ ಆಗಿರಲಿಲ್ಲ. ಹದಿನಾರು ವರ್ಷ ಗಂಡಸರ ಉತ್ತರವನ್ನೇ ಹೆಂಗಸರಿಗೂ ಉತ್ತರ ಅಂದುಕೊಂಡಿದ್ರು.

ಇದಕ್ಕೆ ಒಂದು ಕಾರಣ 1977ರಲ್ಲಿ ಅಮೆರಿಕದ ಔಷಧ ಇಲಾಖೆ ತಂದ ನಿಯಮ. ಥಾಲಿಡೊಮೈಡ್ ಮಾತ್ರೆಯಿಂದ ಮಕ್ಕಳು ಕೈಕಾಲಿಲ್ಲದೆ ಹುಟ್ಟಿದ ದುರಂತದ ನೆನಪು ಎಲ್ಲರಿಗೂ ಇತ್ತು. ಅದಕ್ಕೆ ಹೆರುವ ವಯಸ್ಸಿನ ಹೆಂಗಸರನ್ನು ಔಷಧಿಯ ಆರಂಭದ ಪರೀಕ್ಷೆಗಳಿಂದ ದೂರ ಇಡಿ ಅಂದ್ರು. ಕಾಪಾಡೋಕೆ ಅಂತಲೇ ಮಾಡಿದ್ದು. ಆ ನಿಯಮ ಬಿಟ್ಟಿದ್ದು 1993ರಲ್ಲಿ. ಅದೇ ವರ್ಷ, ಸರ್ಕಾರದ ದುಡ್ಡಿನ ಸಂಶೋಧನೆಯಲ್ಲಿ ಹೆಂಗಸರನ್ನೂ ಅಲ್ಪಸಂಖ್ಯಾತ ಜನಾಂಗದವರನ್ನೂ ಸೇರಿಸಲೇಬೇಕು ಅಂತ ಅಲ್ಲಿನ ಸಂಸತ್ತು ಕಾನೂನು ಮಾಡಿತು. ಕಾನೂನು ಬರೋ ತನಕ ಸೇರಿಸಲಿಲ್ಲ ಅನ್ನೋದನ್ನು ಗಮನಿಸಿ. ನಮಗೆ ಮೀಸಲಾತಿ ಯಾಕೆ ಬೇಕು ಅಂತ ಕೇಳೋ ಗೆಳೆಯರಿಗೆ ಇದನ್ನೂ ಒಂದ್ಸಲ ಓದಿ ಹೇಳಿ.

ಆ ಕಾನೂನಿಗೆ ಮುಂಚೆ, 1991ರಲ್ಲಿ, ಬರ್ನಡೀನ್ ಹೀಲಿ ಅನ್ನೋ ಹೃದ್ರೋಗ ತಜ್ಞೆ ನ್ಯೂ ಇಂಗ್ಲೆಂಡ್ ಜರ್ನಲ್‌ನಲ್ಲಿ ಒಂದು ಸಂಪಾದಕೀಯ ಬರೆದರು. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಗೆ ಮುಖ್ಯಸ್ಥೆಯಾದ ಮೊದಲ ಹೆಂಗಸು ಅವರು. ಅದೇ ಸಂಚಿಕೆಯ ಎರಡು ಅಧ್ಯಯನಗಳು, ಹೃದ್ರೋಗ ಇದ್ದ ಹೆಂಗಸರಿಗೆ ಆಂಜಿಯೋಗ್ರಾಂ, ಬೈಪಾಸ್ ಎಲ್ಲ ಗಂಡಸರಿಗಿಂತ ಕಡಿಮೆ ಮಾಡ್ತಿದ್ದಾರೆ ಅಂತ ತೋರಿಸಿದ್ದವು. ಹೀಲಿ ಇದಕ್ಕೆ 'ಯೆಂಟಲ್ ಸಿಂಡ್ರೋಮ್' ಅಂತ ಹೆಸರಿಟ್ಟರು. ಯೆಂಟಲ್ ಅಂದ್ರೆ ಐಸಾಕ್ ಬಾಶೆವಿಸ್ ಸಿಂಗರ್ ಬರೆದ ಕತೆಯ ಯಹೂದಿ ಹುಡುಗಿ. ಹೆಣ್ಣಿಗೆ ಧರ್ಮಗ್ರಂಥ ಓದೋ ಹಕ್ಕಿಲ್ಲ ಅಂತ ಗಂಡುಡುಗೆ ತೊಟ್ಟು ಪಾಠಶಾಲೆ ಸೇರಿದೋಳು. ಹೆಂಗಸಿಗೂ ಗಂಡಸಿನ ಹಾಗೇ ರೋಗ ಇದೆ ಅಂತ ಸಾಬೀತಾದ ಮೇಲೆಯೇ ಗಂಡಸಿನ ಹಾಗೆ ಚಿಕಿತ್ಸೆ ಸಿಗುತ್ತೆ ಅನ್ನೋದು ಹೀಲಿಯವರ ಮಾತಿನ ಸಾರ. ಅಕ್ಷರ ಕಲಿಯೋಕೆ ವೇಷ ಮರೆಸಿಕೊಳ್ಳಬೇಕಾದ ಸ್ಥಿತಿ ಏನು ಅಂತ ನಮಗೆ ಯಾರೂ ವಿವರಿಸಬೇಕಾಗಿಲ್ಲ.

ಈಗ ಹೇಳೋದನ್ನು ನಿಧಾನಕ್ಕೆ ಓದಿ. ನನಗೆ ಈ ಇಡೀ ಚರಿತ್ರೆಯಲ್ಲಿ ನಿದ್ದೆಗೆಡಿಸಿದ್ದು ಇದೇ.

1999ರಲ್ಲಿ ಶುಲ್ಮನ್ ಮತ್ತು ಸಂಗಡಿಗರು ಅಮೆರಿಕದಲ್ಲಿ ಒಂದು ಪ್ರಯೋಗ ಮಾಡಿದ್ರು. ಎಂಟು ಜನ ನಟರನ್ನು ಕರೆದರು. ಕಪ್ಪು ಗಂಡಸರು, ಕಪ್ಪು ಹೆಂಗಸರು, ಬಿಳಿ ಗಂಡಸರು, ಬಿಳಿ ಹೆಂಗಸರು. ಎಲ್ಲರಿಗೂ ಒಂದೇ ಆಸ್ಪತ್ರೆ ಗೌನು, ಒಂದೇ ಎದೆನೋವಿನ ಮಾತು ಬಾಯಿಪಾಠ. ವಿಡಿಯೋ ತೆಗೆದು 720 ಡಾಕ್ಟರುಗಳಿಗೆ ತೋರಿಸಿ, ಈ ರೋಗಿಯನ್ನು ಆಂಜಿಯೋಗ್ರಾಂ ಥರದ ಪರೀಕ್ಷೆಗೆ ಕಳಿಸ್ತೀರಾ ಅಂತ ಕೇಳಿದ್ರು. ಹೆಂಗಸರನ್ನೂ ಕಪ್ಪು ಜನರನ್ನೂ ಕಡಿಮೆ ಕಳಿಸ್ತಾರೆ ಅಂತ ಫಲಿತಾಂಶ ಬಂತು, ಪೇಪರು ಟಿವಿಯಲ್ಲೆಲ್ಲ ದೊಡ್ಡ ಸುದ್ದಿ. ಕೆಲವೇ ತಿಂಗಳಲ್ಲಿ ಬೇರೆ ಸಂಶೋಧಕರು ಅದೇ ಅಂಕಿಗಳನ್ನು ಬಿಡಿಸಿ ನೋಡಿ, ಸುದ್ದಿ ಉತ್ಪ್ರೇಕ್ಷೆ ಆಗಿದೆ ಅಂದ್ರು. ಬಿಡಿಸಿದಾಗ ಸಿಕ್ಕಿದ್ದು ಇದು: ಬಿಳಿ ಗಂಡಸರನ್ನು ಪರೀಕ್ಷೆಗೆ ಕಳಿಸಿದ್ದು ಶೇ. 90.6. ಬಿಳಿ ಹೆಂಗಸರನ್ನು ಶೇ. 90.6. ಕಪ್ಪು ಗಂಡಸರನ್ನೂ ಶೇ. 90.6. ಕಪ್ಪು ಹೆಂಗಸರನ್ನು ಶೇ. 78.8.

ಅಂದ್ರೆ ಮೂರು ಗುಂಪಿನವರು ಸಮ. ಇಡೀ ತಾರತಮ್ಯ ಬಂದು ಬಿದ್ದಿದ್ದು ಒಬ್ಬಳ ತಲೆ ಮೇಲೆ. 'ಹೆಂಗಸರು' ಅಂತ ಒಟ್ಟಿಗೆ ಲೆಕ್ಕ ಹಾಕಿದ್ರೆ ಅವಳು ಕಾಣಲ್ಲ, 'ಕಪ್ಪು ಜನ' ಅಂತ ಒಟ್ಟಿಗೆ ಹಾಕಿದ್ರೂ ಕಾಣಲ್ಲ. ಎರಡೂ ಕೂಡೋ ಜಾಗದಲ್ಲಿ ನಿಂತಿದ್ದಾಳೆ. ಮಹಿಳಾ ಸಂಘಟನೆಗಳಲ್ಲಿ ನಮ್ಮ ಅಕ್ಕಂದಿರು ಜಾತಿ ಎತ್ತಿದಾಗ, ದಲಿತ ಸಂಘಟನೆಗಳಲ್ಲಿ ಹೆಣ್ಣಿನ ಮಾತು ಎತ್ತಿದಾಗ, 'ಈಗ ಅದು ಬೇಡ' ಅಂದ ನನ್ನಂಥ ಗಂಡಸರು ಈ ಅಂಕಿ ನೋಡಬೇಕು. ನಾನು ನೋಡಿದಾಗ ಅವ್ವ ಆ ಕ್ಲಿನಿಕ್ಕಿನ ಸ್ಟೂಲಿನ ಮೇಲೆ, ಬೆವರು ಸೆರಗಲ್ಲಿ ಒರೆಸ್ಕೊಂಡು, ಡಾಕ್ಟರಿಗೆ ವಾಸನೆ ಬರದಂಗೆ ದೂರ ಸರಿದು ಕೂತಿದ್ದು ಕಣ್ಣಿಗೆ ಬಂತು. ಕಸದ ವಾಸನೆ ಬರುತ್ತೆ ಅಂತ ಅವಳೇ ಯಾವಾಗಲೂ ಸರಿದು ಕೂರೋಳು. ಅಷ್ಟು ದೂರದಿಂದ ಸ್ಟೆತಾಸ್ಕೋಪು ಎಟುಕಲ್ಲ.

ಹೆಂಗಸರನ್ನು ಕೂರಿಸಿಕೊಂಡು, ಏನಾಯ್ತಮ್ಮ ನಿಂಗೆ, ಮೊದಲಿಂದ ಹೇಳು ಅಂತ ಕ್ರಮವಾಗಿ ಕೇಳಿ ಹೆಸರಾದ ಅಧ್ಯಯನ ಬಂದಿದ್ದು 2003ರಲ್ಲಿ. ಕೇಳಿದ್ದು ಜೀನ್ ಮೆಕ್‌ಸ್ವೀನಿ, ಅರ್ಕನ್ಸಾದ ನರ್ಸಿಂಗ್ ಪ್ರೊಫೆಸರು. ನರ್ಸು ಅನ್ನೋದನ್ನು ಮರೀಬೇಡಿ. ಹೃದಯಾಘಾತ ಆಗಿ ಬದುಕುಳಿದ 515 ಹೆಂಗಸರನ್ನು ಅವರ ತಂಡ ಮಾತಾಡಿಸಿತು. ಶೇ. 95ರಷ್ಟು ಜನ, ಆಘಾತಕ್ಕೆ ಮುಂಚೆಯೇ ಮೈಯಲ್ಲಿ ಏನೋ ಹೊಸದು ಶುರುವಾಗಿತ್ತು ಅಂದ್ರು, ಎಷ್ಟೋ ಜನಕ್ಕೆ ತಿಂಗಳಿಗೂ ಮುಂಚೆ. ಎಂದೂ ಇಲ್ಲದ ಸುಸ್ತು: ಸುಮಾರು ಶೇ. 71. ನಿದ್ದೆಗೇಡು: ಶೇ. 48. ಉಸಿರು ಸಾಲದಿರೋದು: ಶೇ. 42. ಅಜೀರ್ಣ: ಶೇ. 39. ಎದೆಯಲ್ಲಿ ಏನೋ ಆಗ್ತಿತ್ತು ಅಂದೋರು ಶೇ. 30ರಷ್ಟು ಮಾತ್ರ. ಆಘಾತ ಆಗುತ್ತಿದ್ದಾಗಲೂ ಶೇ. 43ರಷ್ಟು ಜನಕ್ಕೆ ಎದೆನೋವೇ ಇರಲಿಲ್ಲ. ಈ ಪಟ್ಟಿಯನ್ನು ಮೊದಲ ಸಲ ಓದಿದಾಗ ಯಾರೋ ನಮ್ಮವ್ವನನ್ನೇ ಕೇಳಿ ಬರೆದಿದ್ದಾರೆ ಅನ್ನಿಸ್ತು.

ಇಲ್ಲಿ ಒಂದು ಎಚ್ಚರಿಕೆ. ಹೆಂಗಸರಿಗೆ ಎದೆನೋವು ಬರಲ್ಲ ಅಂತ ಯಾರೂ ತಿಳ್ಕೋಬೇಡಿ. ಬರುತ್ತೆ. ಹೆಂಗಸರಲ್ಲೂ ಆಘಾತದ ಸಮಯದಲ್ಲಿ ಅತಿ ಹೆಚ್ಚು ಕಾಣೋ ಲಕ್ಷಣ ಎದೆಯ ನೋವೋ, ಭಾರವೋ, ಬಿಗಿತವೋ ಆಗಿರುತ್ತೆ. ಅದರ ಜೊತೆಗೆ ವಾಕರಿಕೆ, ದವಡೆ-ಬೆನ್ನು ನೋವು, ಸುಸ್ತು ಗಂಡಸರಿಗಿಂತ ಹೆಚ್ಚಾಗಿ ಸೇರ್ಕೊಂಡು ಬರುತ್ತೆ, ಮಾತು ಆ ಕಡೆ ಹೊರಟುಹೋಗುತ್ತೆ. 2021ರಲ್ಲಿ ಅಮೆರಿಕದ ಹೃದ್ರೋಗ ಸಂಘಗಳು ಎದೆನೋವಿನ ಮಾರ್ಗಸೂಚಿ ಹೊಸದಾಗಿ ಬರೆದಾಗ, ಈ 'ಅಟಿಪಿಕಲ್' ಅನ್ನೋ ಪದವನ್ನೇ ಬಿಡಿ ಅಂದಿವೆ. ಹೆಬರ್ಡನ್ ಬರೆದು ಎರಡೂವರೆ ಶತಮಾನ ಆದ ಮೇಲೆ.

ರಕ್ತಪರೀಕ್ಷೆಯಲ್ಲೂ ಇದೇ ಕತೆ. ಹೃದಯದ ಸ್ನಾಯು ಸತ್ತಾಗ ರಕ್ತಕ್ಕೆ ಬರೋ ಟ್ರೋಪೋನಿನ್ ಅಳೆದು ಹೃದಯಾಘಾತ ಗುರುತಿಸ್ತಾರೆ. ಇಷ್ಟು ದಾಟಿದ್ರೆ ಆಘಾತ ಅನ್ನೋ ಗೆರೆ ಗಂಡಸರಿಗೂ ಹೆಂಗಸರಿಗೂ ಒಂದೇ ಇತ್ತು. 2015ರಲ್ಲಿ ಎಡಿನ್‌ಬರೋದ ಸಂಶೋಧಕರು ಸೂಕ್ಷ್ಮವಾದ ಪರೀಕ್ಷೆ ಬಳಸಿ ಹೆಂಗಸರಿಗೆ ಬೇರೆ ಗೆರೆ ಎಳೆದು ನೋಡಿದ್ರು. ಶಂಕೆಯಿಂದ ಬಂದ ಹೆಂಗಸರಲ್ಲಿ ಹೃದಯಾಘಾತ ಅಂತ ಗುರುತಿಸಿದ್ದು ಶೇ. 11ರಿಂದ ಶೇ. 22ಕ್ಕೆ ಏರಿತು. ಗಂಡಸರಲ್ಲಿ ಶೇ. 19 ಇದ್ದದ್ದು 21 ಆಯ್ತು. ಅರ್ಧದಷ್ಟು ಹೆಂಗಸರನ್ನು ಹಳೇ ಗೆರೆ 'ಏನಿಲ್ಲ, ಮನೆಗೆ ಹೋಗಿ' ಅಂತಿತ್ತು.

ನಮ್ಮ ದೇಶಕ್ಕೆ ಬರೋಣ. 2008ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಕ್ರಿಯೇಟ್ ಅನ್ನೋ ದಾಖಲೆ ಪ್ರಕಟ ಆಯ್ತು. ಮುಂದಾಳತ್ವ ನಮ್ಮ ಬೆಂಗಳೂರಿನ ಸೇಂಟ್ ಜಾನ್ಸ್‌ನ ಡೆನಿಸ್ ಕ್ಸೇವಿಯರ್ ಅವರದ್ದು. 50 ನಗರಗಳ 89 ಆಸ್ಪತ್ರೆಗಳಲ್ಲಿ ಹೃದಯಾಘಾತ ಅಥವಾ ಅದರ ಅಂಚಿಗೆ ಬಂದು ದಾಖಲಾದ 20,000ಕ್ಕೂ ಹೆಚ್ಚು ಜನ. ಅವರಲ್ಲಿ ಹೆಂಗಸರು ಕಾಲು ಭಾಗಕ್ಕಿಂತ ಕಡಿಮೆ. ಹೆಂಗಸರಿಗೆ ಹೃದ್ರೋಗ ತಡವಾಗಿ ಬರುತ್ತೆ ಅನ್ನೋದು ನಿಜ. ಆದ್ರೆ ಆಸ್ಪತ್ರೆ ಬಾಗಿಲು ಮುಟ್ಟದೆ ಹೋದವರು ಯಾವ ದಾಖಲೆಯಲ್ಲೂ ಬರಲ್ಲ, ಅದೂ ನಿಜ. ನಮ್ಮವ್ವ ಬಂದಿಲ್ಲ. ಅದೇ ದಾಖಲೆಯಲ್ಲಿ ಇನ್ನೊಂದು ಲೆಕ್ಕ: 30 ದಿನದೊಳಗೆ ಸತ್ತವರು ಶ್ರೀಮಂತರಲ್ಲಿ ಶೇ. 5.5, ಬಡವರಲ್ಲಿ ಶೇ. 8.2. ಈ ವ್ಯತ್ಯಾಸ ಎಲ್ಲಿಂದ ಬಂತು ಅಂತ ಹುಡುಕಿದ್ರೆ, ಬಡವರಿಗೆ ಸರಿಯಾದ ಔಷಧಿ, ಆಂಜಿಯೋಪ್ಲಾಸ್ಟಿ ಸಿಕ್ಕಿದ್ದೇ ಕಡಿಮೆ. ಚಿಕಿತ್ಸೆಯ ವ್ಯತ್ಯಾಸ ಲೆಕ್ಕಕ್ಕೆ ಹಿಡಿದ್ರೆ ಸಾವಿನ ವ್ಯತ್ಯಾಸ ಮಾಯ. ಬಡವನ ಹೃದಯ ಹುಟ್ಟಾ ದುರ್ಬಲ ಏನಲ್ಲ ಅಂತ ಅರ್ಥ.

ಈ ಲೆಕ್ಕ ಹಾಕಿದ್ದು ಬಡವ-ಶ್ರೀಮಂತ ಅಂತ. ಜಾತಿ ಅಂತ ಹಾಕಿದ ಒಂದು ಅಂಕಿ ಬೇರೆ ಕಡೆ ಇದೆ. ವಿಶ್ವಸಂಸ್ಥೆಯ ಮಹಿಳಾ ವಿಭಾಗ 2018ರ ವರದಿಯಲ್ಲಿ, ಭಾರತದಲ್ಲಿ ದಲಿತ ಹೆಂಗಸರ ಸರಾಸರಿ ಸಾವಿನ ವಯಸ್ಸು ಮೇಲ್ಜಾತಿ ಹೆಂಗಸರದ್ದಕ್ಕಿಂತ 14.6 ವರ್ಷ ಕಡಿಮೆ ಅಂತ ಬರೆದಿದೆ. ಎಲ್ಲವೂ ಹೃದಯದಿಂದ ಅಲ್ಲ. ಆದ್ರೆ ಹೃದಯ ಕೆಡಿಸೋದು ಏನೇನು ಅಂತ ಒಮ್ಮೆ ಕೇರಿಯಲ್ಲಿ ಕಣ್ಣಾಡಿಸಿ. ಸೌದೆ ಒಲೆ ಹೊಗೆ. ಹಸಿವು ಮರೆಯೋಕೆ ಹೊಗೆಸೊಪ್ಪು. ಯಾರೂ ಅಳೆಯದ ಬಿಪಿ, ಯಾರೂ ನೋಡದ ಶುಗರ್. ಬಸುರಿಯಲ್ಲಿ ಬಿಪಿ ಏರಿದ್ದ ಹೆಂಗಸಿಗೆ ಮುಂದೆ ಹೃದ್ರೋಗದ ಅಪಾಯ ಹೆಚ್ಚು. ಹೆತ್ತು ಮನೆಗೆ ಬಂದ ಮೇಲೆ ಅದನ್ನು ನೆನಪಿಟ್ಟುಕೊಳ್ಳೋರು ಯಾರು? ಕಲಬುರಗಿ ಕಡೆ ಲಂಬಾಣಿ, ದಲಿತ ಹೆಂಗಸರಿಗೆ, ಇನ್ನೂ ಮೂವತ್ತು ನಲವತ್ತು ತುಂಬದವರಿಗೂ, ಬೇಡದ ಗರ್ಭಕೋಶದ ಆಪರೇಷನ್ ಮಾಡಿದ್ದು 2015ರ ಸುಮಾರಿಗೆ ದೊಡ್ಡ ಸುದ್ದಿ ಆಗಿತ್ತಲ್ಲ. ಅಂಥ ಆಪರೇಷನ್ನಿನಲ್ಲಿ ಅಂಡಾಶಯವನ್ನೂ ತೆಗೆದ್ರೆ ಹಾರ್ಮೋನು ಒಮ್ಮೆಗೇ ನಿಲ್ಲುತ್ತೆ, ಹೃದಯಕ್ಕಿದ್ದ ಕಾವಲು ಹೋಗುತ್ತೆ. ಆ ಅಕ್ಕಂದಿರಿಗೆ ಈಗ ಎಷ್ಟು ವಯಸ್ಸು? ಅವರ ಇಸಿಜಿ ಯಾರಾದ್ರೂ ತೆಗೆದಿದ್ದಾರಾ?

2021ರ ಅಕ್ಟೋಬರಿನಲ್ಲಿ ಪುನೀತ್ ರಾಜ್‌ಕುಮಾರ್ ಹೋದಾಗ ನಮ್ಮ ಬೀದಿಯ ಗಂಡಸರೆಲ್ಲ ಹೆದರಿ ಇಸಿಜಿ ಮಾಡಿಸ್ಕೊಂಡು ಬಂದ್ರು. ಒಳ್ಳೇದೇ. ಅವರ ಹೆಂಡಿರು ಟಿವಿ ಮುಂದೆ ಅತ್ತರು, ಇಸಿಜಿಗೆ ಹೋಗಲಿಲ್ಲ. 2023ರಲ್ಲಿ ಅಪ್ಪು ಹೆಸರಲ್ಲೇ ರಾಜ್ಯ ಸರ್ಕಾರ ಹೃದಯ ಜ್ಯೋತಿ ಯೋಜನೆ ತಂತು. ತಾಲೂಕು ಆಸ್ಪತ್ರೆಯಲ್ಲೇ ಇಸಿಜಿ ತೆಗೆದು ಜಯದೇವದಂಥ ದೊಡ್ಡ ಆಸ್ಪತ್ರೆಯ ತಜ್ಞರಿಗೆ ಕಳಿಸಿ, ಆಘಾತ ಅಂತಾದ್ರೆ ಹೆಪ್ಪು ಕರಗಿಸೋ ದುಬಾರಿ ಇಂಜೆಕ್ಷನ್ ಅಲ್ಲೇ ಉಚಿತವಾಗಿ ಕೊಡೋದು. ನಾನು ಸರ್ಕಾರಗಳನ್ನು ಸುಲಭಕ್ಕೆ ಹೊಗಳೋನಲ್ಲ, ಆದ್ರೆ ಇದು ಬೇಕಾಗಿದ್ದೇ. ಒಂದೇ ತೊಡಕು. ಯಂತ್ರ ಇದೆ, ಅದರ ತನಕ ಅವ್ವಂದಿರನ್ನು ಕಳಿಸೋ ಮಾತು ಯಾವುದು?

ನಮ್ಮವರು ಹೇಳೋ ಮಾತು 'ಸಂಕಟ'. ಹೊಟ್ಟೆ ಸಂಕಟ, ಎದೆ ಸಂಕಟ, ಜೀವ ಸಂಕಟ. ವಾಕರಿಕೆಯೂ ಅದೇ, ಉಸಿರು ಕಟ್ಟೋದೂ ಅದೇ, ದುಃಖವೂ ಅದೇ. ಆಸ್ಪತ್ರೆ ಚೀಟಿಯಲ್ಲಿ ಆ ಪದಕ್ಕೆ ಕಾಲಂ ಇಲ್ಲ, ಡಾಕ್ಟರು ಅದನ್ನು ಗ್ಯಾಸ್ಟ್ರಿಕ್ ಅಂತ ಭಾಷಾಂತರ ಮಾಡ್ತಾರೆ. ಹಾಗಾಗಿ ನಾವೇ ಜೊತೆಗೆ ಹೋಗಿ ಬಿಡಿಸಿ ಹೇಳಬೇಕು. ನಿನ್ನೆವರೆಗೂ ಸಲೀಸಾಗಿ ಮಾಡ್ತಿದ್ದ ಕೆಲಸಕ್ಕೆ ಈಗ ಆಯಾಸ ಆಗ್ತಿದೆಯಾ? ಎರಡು ಬಿಂದಿಗೆ ಹೊರೋಳು ಒಂದಕ್ಕೇ ಕೂರ್ತಿದ್ದಾಳಾ? ನೋವು, ಬಿಗಿತ, ಉರಿ ಏನೇ ಇರಲಿ, ಕೆಲಸ ಮಾಡಿದಾಗ ಬಂದು ಕೂತಾಗ ಹೋಗುತ್ತಾ? ದವಡೆ, ಕತ್ತು, ಬೆನ್ನ ನಡುವೆ, ತೋಳಿಗೆ ಹರಡುತ್ತಾ? ಸುಸ್ತಿಗೆ ನೂರು ಕಾರಣ ಇರಬಹುದು, ರಕ್ತ ಕಡಿಮೆ ಇರಬಹುದು, ಥೈರಾಯ್ಡ್ ಇರಬಹುದು. ಆದ್ರೆ ಅದನ್ನು ನೋಡಿ ಹೇಳಲಿ, ನೋಡದೆ ಅಲ್ಲ. ತಣ್ಣನೆ ಬೆವರು, ಉಸಿರಾಟ ಕಷ್ಟ, ಎದೆ ಅಥವಾ ಮೇಲ್ಹೊಟ್ಟೆ ಒತ್ತಿದಂಗೆ, ತಲೆ ತಿರುಗೋದು ಒಟ್ಟಿಗೆ ಬಂದ್ರೆ ಸೋಡಾ, ಓಂಕಾಳು ಅಂತ ಕಾಯಬೇಡಿ, 108ಕ್ಕೆ ಫೋನ್ ಮಾಡಿ. ಆಸ್ಪತ್ರೆಯಲ್ಲಿ ಬಾಯಿ ಬಿಟ್ಟು ಕೇಳಿ: ಇಸಿಜಿ ತೆಗೀರಿ. ಮೊದಲನೇ ಇಸಿಜಿ ಸರಿ ಇದ್ದೂ ಸಂಕಟ ನಿಲ್ಲದಿದ್ರೆ ಇನ್ನೊಮ್ಮೆ ತೆಗೀರಿ, ಟ್ರೋಪೋನಿನ್ ಮಾಡಿ ಅನ್ನಿ. ಮೊದಲ ಇಸಿಜಿಯಲ್ಲಿ ಏನೂ ಕಾಣದೆ ಆಮೇಲೆ ಕಂಡದ್ದು ಬೇಕಾದಷ್ಟಿದೆ. ಬೈದ್ರೆ ಬೈಸ್ಕೊಳ್ಳಿ. ದಲಿತ ಹೆಂಗಸಿನ ಜೊತೆ ಜೋರು ಬಾಯಿಯ ಒಬ್ಬರು ಇರೋದು ಎಷ್ಟೋ ಕಡೆ ಅರ್ಧ ಚಿಕಿತ್ಸೆ.

ಅವ್ವನ ಗ್ಯಾಸ್ಟ್ರಿಕ್ ಮಾತ್ರೆಯ ಹಾಳೆ ಇನ್ನೂ ನನ್ನ ಹತ್ರ ಇದೆ. ಹತ್ತರಲ್ಲಿ ಆರು ಖಾಲಿ.

ಬರೋ ಭಾನುವಾರ ಬೆಳಗ್ಗೆ ಹತ್ತಕ್ಕೆ ನಮ್ಮ ಕೇರಿಯ ಅಂಬೇಡ್ಕರ್ ಭವನದಲ್ಲಿ ಬಿಪಿ, ಶುಗರ್, ಇಸಿಜಿ ನೋಡ್ತಾರೆ. ಮೊದಲ ಸಾಲು ಪೌರಕಾರ್ಮಿಕ ಅಕ್ಕಂದಿರಿಗೆ, ಡ್ಯೂಟಿ ಮುಗಿಸಿ ಹಾಗೇ ಬನ್ನಿ, ಸ್ನಾನ ಮಾಡಿ ಬರ್ತೀನಿ ಅಂತ ಮನೆಗೆ ಹೋಗಬೇಡಿ. ಗಂಡಸರು ಎರಡು ಗಂಟೆ ಮೇಲೆ ಬಂದ್ರೆ ಸಾಕು.